ಮುಚ್ಚಿಟ್ಟ ಸಿಡಿತಲೆಯನ್ನು ಎಣಿಸುವುದು ಹೇಗೆ?

ಕುಂಬಳೆ ಮಾಷ್ಟ್ರು:
ಹತ್ತನೆಯ ಮಕ್ಕಳ ಚರ್ಚಾಕೂಟಕ್ಕೆ ಅಣ್ವಸ್ತ್ರ ಕಡಿತ ವಿಷಯ. ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ಅಮೆರಿಕ, ರಷ್ಯಾಕ್ಕೆ ತಲಾ 1,550 ಸಿಡಿತಲೆಯ (ಕ್ಷಿಪಣಿ, ಬಾಂಬರ್ ಹೊತ್ತೊಯ್ಯುವ ಅಣುಬಾಂಬಿನ) ಮಿತಿ ಇತ್ತಲ್ಲ, ಆದರೆ ತಪಾಸಣೆಗೆ ಹೋದವರಿಗೆ ಸಿಡಿತಲೆಯನ್ನು ಬಿಚ್ಚಿ ತೋರಿಸುತ್ತಲೇ ಇರಲಿಲ್ಲವಂತೆ. ಹಾಗಾದರೆ ಎಣಿಸುತ್ತಿದ್ದದ್ದು ಹೇಗೆ? ಬಾಯಿ ಕಟ್ಟಿದ ಗೋಣಿ ನೋಡಿ ಅಡಿಕೆಗೆ ದರ ಹೇಳಿದ ಹಾಗಾಗಲಿಲ್ಲವೇ? ನಮಗೂ ಪಾಕಿಸ್ತಾನಕ್ಕೂ ಇಂಥದ್ದು ಏನಾದರೂ ಉಂಟೋ?

ಹೊಸೂರು ಓದುಗ:
ಮಾಷ್ಟ್ರೇ, ಅಲ್ಲಿ ನೋಡುವುದು ಗೋಣಿಯೊಳಗಿನ ಅಡಿಕೆಯನ್ನಲ್ಲ, ಗೋಣಿ ಎಷ್ಟು ಎಂಬುದನ್ನು. ಪ್ರತಿ ಕ್ಷಿಪಣಿಗೂ, ಬಾಂಬರ್‌ಗೂ ಒಂದು ಗುರುತಿನ ಸಂಖ್ಯೆ. ಯಾವುದು ಎಲ್ಲಿದೆ ಎಂಬ ಪೂರ್ತಿ ಪಟ್ಟಿ ವರ್ಷಕ್ಕೆ ಎರಡು ಸಲ ಕೈ ಬದಲಾಗುತ್ತಿತ್ತು, ನಡುವೆ ಏನು ಅಲುಗಿದರೂ ಸೂಚನಾ ಪತ್ರ. ಅಂಥ ಪತ್ರಗಳೇ 25,000 ದಾಟಿದ್ದವು.

ಒಪ್ಪಂದ ನಡೆಯುತ್ತಿದ್ದಾಗಿನ ಕ್ರಮ ಹೀಗಿತ್ತು: ತಪಾಸಣೆ ವರ್ಷಕ್ಕೆ 18. ಅದರಲ್ಲಿ 10 ನಿಯೋಜಿತ (ಬಳಕೆಗೆ ಸಜ್ಜಾಗಿಟ್ಟ) ಕ್ಷಿಪಣಿ, ಬಾಂಬರ್ ಇರುವ ನೆಲೆಗಳಿಗೆ. ತಂಡ ಬರುವ ಕನಿಷ್ಠ 32 ಗಂಟೆ ಮೊದಲು ತಿಳಿಸಬೇಕು, ಆದರೆ ಯಾವ ನೆಲೆ ಎಂದು ಬಾಯಿ ಬಿಡುವುದು ಆ ದೇಶಕ್ಕೆ ಬಂದಿಳಿದ ಮೇಲೆ. ಹೆಸರು ಹೇಳಿದ ಒಂದು ಗಂಟೆಯೊಳಗೆ ಆ ನೆಲೆಯಿಂದ ತಪಾಸಣೆಗೆ ಬರುವ ವಸ್ತುಗಳನ್ನು ಹೊರಗೆ ಸಾಗಿಸುವುದಕ್ಕೆ ತಡೆ ಜಾರಿಯಾಗಬೇಕು.

ನೆಲೆಯವರು ಮೊದಲು ಪ್ರತಿ ಕ್ಷಿಪಣಿಯ ಮೇಲೆ ಎಷ್ಟು ಸಿಡಿತಲೆ ಇದೆ ಎಂದು ಹೇಳಿಬಿಡಬೇಕು. ಆಮೇಲೆ ತಂಡ ತನಗೆ ಬೇಕಾದ ಒಂದು ಕ್ಷಿಪಣಿಯನ್ನು ಆರಿಸುತ್ತದೆ. ಅದರ ಮೂತಿ ತೆರೆದು ತೋರಿಸುತ್ತಾರೆ. ಒಂದೊಂದು ಸಿಡಿತಲೆಗೂ ಬೇರೆ ಬೇರೆ ಮುಸುಕು, ಆದ್ದರಿಂದ ಆಕಾರದ ಗುಟ್ಟು ಉಳಿಯುತ್ತದೆ, ಎಷ್ಟು ಎಂಬುದು ತಿಳಿಯುತ್ತದೆ. 'ಇದು ಅಣು ವಸ್ತುವಲ್ಲ' ಎಂದು ಯಾವುದನ್ನಾದರೂ ತೋರಿಸಿದರೆ ನ್ಯೂಟ್ರಾನ್ ಅಳೆಯುವ ಉಪಕರಣ ಹಿಡಿಯಬಹುದು. ಪ್ಲುಟೋನಿಯಂ ಇದ್ದರೆ ಅದು ತಾನಾಗಿ ನ್ಯೂಟ್ರಾನ್ ಬಿಡುತ್ತದೆ.

ಕುಂಬಳೆ ಮಾಷ್ಟ್ರು:
ಒಂದನ್ನೇ ನೋಡಿದರೆ ಉಳಿದವುಗಳಲ್ಲಿ ಹೆಚ್ಚು ತುಂಬಿಟ್ಟಿದ್ದರೆ?

ಹೊಸೂರು ಓದುಗ:
ತುಂಬಬಹುದು. ಆದರೆ ಯಾವುದನ್ನು ಆರಿಸುತ್ತಾರೆ ಎಂದು ಮೊದಲೇ ಗೊತ್ತಿಲ್ಲ, ಲೆಕ್ಕ ಕೊಟ್ಟಾಗಿದೆ. ಒಂದರಲ್ಲಿ ಸಿಕ್ಕಿಬಿದ್ದರೆ ಇಡೀ ಪಟ್ಟಿಯೇ ಸುಳ್ಳಾಗುತ್ತದೆ.

ಅಕ್ಕಲಕೋಟೆಯಾಂವ:
ಸರ, ಮಕ್ಕಳಿಗೆ ಇದನ್ನೂ ಹೇಳ್ರಿ. 1,550 ಅನ್ನೂದು ಒಪ್ಪಂದದ ಲೆಕ್ಕ, ಖರೇ ಲೆಕ್ಕ ಅಲ್ಲ. ಒಂದು ಬಾಂಬರ್ ಅಂದ್ರ ಒಂದೇ ಸಿಡಿತಲೆ ಅಂತ ಹಿಡೀತಿದ್ರು. ಅಮೆರಿಕದ ಬಿ-52 ಬಾಂಬರ್ ಒಂದರಾಗ 20 ಕ್ರೂಸ್ ಕ್ಷಿಪಣಿ (ವಿಮಾನದಂಗ ಹಾರಿಕೊಂಡು ಹೋಗೂವು) ಹಿಡಿಸ್ತಾವ! ಗೋದಾಮಿನಾಗ ಇಟ್ಟಿದ್ದು, ಯುದ್ಧಭೂಮಿಯ ಸಣ್ಣ ಅಣ್ವಸ್ತ್ರ, ಇವ್ಯಾವೂ ಲೆಕ್ಕಕ್ಕಿಲ್ಲ.

ಜಗಳ ಎದ್ದದ್ದು ಬ್ಯಾರೇ ಕಡೆ. ಅಮೆರಿಕ ತನ್ನ 14 ಜಲಾಂತರ್ಗಾಮಿಯೊಳಗ ತಲಾ 4 ಕ್ಷಿಪಣಿ ಕೊಳವಿ ಬಂದ್ ಮಾಡಿ, 56 ಕಡಿಮಿ ಆದ್ವು ಅಂತು. ಜೋಡಿಗೆ 41 ಬಿ-52 ಬಾಂಬರನ್ನೂ ಅಣ್ವಸ್ತ್ರ ಒಯ್ಯಾಕ ಬರದಂಗ ಮಾಡೇವಿ ಅಂತು. ಮತ್ತ ಮೊದಲಿನಂಗ ಮಾಡಾಕ ಬರ್ತೈತಿ, ಒಪ್ಪಂಗಿಲ್ಲ ಅಂತು ರಷ್ಯಾ. ಇಂಥಾ ತಕರಾರಿಗೇ ಇಬ್ಬರ ಸಮಾಲೋಚನಾ ಆಯೋಗ ಇತ್ತು, ಅಲ್ಲಿ ಬಗೀಹರೀಲಿಲ್ಲ.

ಮಿತಿ ಸೊನ್ನೆ ಆದ್ರ ತಪಾಸಣೆ ಹಗುರ. ಅಮೆರಿಕ, ಸೋವಿಯತ್ ನಡುವಿನ 1987ರ ಐಎನ್‌ಎಫ್ (ಮಧ್ಯಮ ದೂರದ ಕ್ಷಿಪಣಿ) ಒಪ್ಪಂದದಾಗ 500ರಿಂದ 5,500 ಕಿ.ಮೀ. ದೂರದ ನೆಲದ ಕ್ಷಿಪಣಿ ಒಂದೂ ಇರಬಾರದು ಅಂತ ಇತ್ತು. ಒಂದು ಕಂಡ್ರ ಸಾಕು, ತಪ್ಪು ತಪ್ಪೇ. 2,692 ನಾಶ ಮಾಡಿದ್ರು. ಆದ್ರ ಸಿಡಿತಲೆಯ ಅಣು ಭಾಗ ಬಿಚ್ಚಿ ಇಟ್ಕೋಳಾಕ ಅವಕಾಶ ಇತ್ತು, ಅದನ್ನ ಭಾಳ ಮಂದಿ ಹೇಳಂಗಿಲ್ಲ. 2019ರಾಗ ಅದೂ ಮುಗೀತು.

ಆದೋನಿ:
ಪಾಕಿಸ್ತಾನದ ಪ್ರಶ್ನೆಗೆ: ಸಿಡಿತಲೆಗೆ ಮಿತಿ ಹಾಕುವ ಒಪ್ಪಂದ ನಮ್ಮಿಬ್ಬರ ನಡುವೆ ಇಲ್ಲ. ಇರುವುದು ಅಪಾಯ ತಗ್ಗಿಸುವ ಒಪ್ಪಂದಗಳು. 1988 ಡಿಸೆಂಬರ್ 31ರಂದು ಸಹಿಯಾದದ್ದರ ಪ್ರಕಾರ ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಅಕ್ಷಾಂಶ, ರೇಖಾಂಶದ ಪಟ್ಟಿ ಕೊಟ್ಟುಕೊಳ್ಳುತ್ತಾರೆ. ತಪಾಸಣೆ ಇಲ್ಲ, ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಕೇಳುವವರಿಲ್ಲ.

2005ರ ಒಪ್ಪಂದದಂತೆ ಬ್ಯಾಲಿಸ್ಟಿಕ್ (ಮೇಲಕ್ಕೆ ಚಿಮ್ಮಿ ಕಮಾನಿನಂತೆ ಬಂದು ಬೀಳುವ) ಕ್ಷಿಪಣಿ ಪರೀಕ್ಷೆಗೆ ಕನಿಷ್ಠ 3 ದಿನ ಮೊದಲು ತಿಳಿಸಬೇಕು. ಹಾರಿಸುವ ಜಾಗ ಗಡಿಯಿಂದ 40 ಕಿ.ಮೀ., ಬೀಳುವ ಜಾಗ 75 ಕಿ.ಮೀ. ದೂರವಿರಬೇಕು. ಕ್ರೂಸ್ ಕ್ಷಿಪಣಿ ಇದರೊಳಗೆ ಬರುವುದಿಲ್ಲ, ದೊಡ್ಡ ತೂತು ಇದೇ. 2022ರ ಮಾರ್ಚ್ 9ರಂದು ನಮ್ಮ ಕ್ಷಿಪಣಿ ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾ ಚನ್ನು ಬಳಿ ಬಿದ್ದಿತಲ್ಲ, ಅದು ಕ್ರೂಸ್ ಕ್ಷಿಪಣಿಯೇ.

ಮಾಷ್ಟ್ರೇ, ನ್ಯೂ ಸ್ಟಾರ್ಟ್ ಅನ್ನು ಮಕ್ಕಳು 'ಇದೆ' ಎಂದು ಬರೆಯದಿರಲಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ನಿಂತ ತಪಾಸಣೆ ಮತ್ತೆ ಶುರುವಾಗಲೇ ಇಲ್ಲ. 2023ರ ಫೆಬ್ರವರಿಯಲ್ಲಿ ರಷ್ಯಾ ಪಾಲನೆ ಅಮಾನತು ಮಾಡಿತು, ಪಟ್ಟಿ ಕೊಡುವುದೂ ನಿಂತಿತು. ಒಂದೇ ಸಲ 5 ವರ್ಷ ವಿಸ್ತರಿಸಬಹುದಿತ್ತು, ಅದನ್ನು 2021ರಲ್ಲೇ ಬಳಸಿಕೊಂಡಿದ್ದರು. 2026ರ ಫೆಬ್ರವರಿ 5ಕ್ಕೆ ಅವಧಿ ಮುಗಿಯಿತು.