ಶಿರಸಿ ಮಾರಿಕಾಂಬೆಗೆ ಉಡಿ: ಯಾವಾಗ ಹೋಗಬೇಕು, ಏನೇನು ಒಯ್ಯಬೇಕು?

ಕಡಲಹಕ್ಕಿ (ಕಾರವಾರ):
ಅಮ್ಮ ಶಿರಸಿ ಮಾರಿಕಾಂಬೆಗೆ ಉಡಿ ತುಂಬುವ ಹರಕೆ ಹೊತ್ತಿದ್ದಾರೆ. ಜಾತ್ರೆಯಲ್ಲೇ ಒಪ್ಪಿಸಬೇಕೋ, ಜಾತ್ರೆ ಮುಗಿದು ಗದ್ದಲ ಇಳಿದ ಮೇಲೆ ಹೋದರೂ ನಡೆದೀತೋ? ಅವರಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗದು. ಉಡಿ ಸಾಮಾನನ್ನು ಇಲ್ಲಿಂದಲೇ ಹೊಂದಿಸಿಕೊಂಡು ಹೋಗುವ ಯೋಚನೆ. ಬಲಿ ಈಗಲೂ ಇದೆಯೇ ಎಂದೂ ಕೇಳುತ್ತಿದ್ದಾರೆ. ಗೊತ್ತಿದ್ದವರು ತಿಳಿಸಿ.

ಬಿಡಕಿಬೈಲು:
ಜಾತ್ರೆ ಮುಗಿದ ಕೂಡಲೇ ಮಾತ್ರ ಹೊರಡಬೇಡಿ. ದೂರದವರು ತಪ್ಪುವುದೇ ಇಲ್ಲಿ. ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024 ಹೀಗೆ ಸಮ ಇಸವಿಗಳಲ್ಲಿ, ಫಾಲ್ಗುಣದ ಹೊತ್ತಿಗೆ. ದೇವಿಯದು ಸುಮಾರು ಏಳು ಅಡಿಯ ಕಟ್ಟಿಗೆಯ ಮೂರ್ತಿ, ಮೈಗೆ ಕೆಂಪು ಬಣ್ಣ. ಪ್ರತಿ ಜಾತ್ರೆಗೂ ಮೊದಲು ಆ ಬಣ್ಣವನ್ನು ಹೊಸದಾಗಿ ಹಚ್ಚಬೇಕು. ಅದಕ್ಕೇ ಮಂಗಳವಾರ, ಶುಕ್ರವಾರಗಳಂದು ನಡೆಯುವ ಹೊರಬೀಡು ಎಂಬ ಜಾತ್ರೆಯ ಪೂರ್ವವಿಧಿಗಳೆಲ್ಲ ಮುಗಿದು 'ಅಂಕೆ ಹಾಕುವ' ಶಾಸ್ತ್ರವೂ ಆದ ಮೇಲೆ ಮೂರ್ತಿಯ ವಿಸರ್ಜನೆ ಆಗುತ್ತದೆ. ಅಲ್ಲಿಂದ ಕಲ್ಯಾಣದ ತನಕ ಗರ್ಭಗುಡಿಯಲ್ಲಿ ದರ್ಶನವಿಲ್ಲ.

ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಬುಧವಾರ ಬೆಳಿಗ್ಗೆ ರಥ ಏರಿ ಊರೊಳಗಿನ ಬಿಡಕಿಬೈಲಿನ ಗದ್ದುಗೆಗೆ (ಜಾತ್ರೆಯ ಪೀಠಕ್ಕೆ) ಬರುತ್ತಾಳೆ. ಉಡಿ, ಹಣ್ಣುಕಾಯಿ, ತುಲಾಭಾರ ಮುಂತಾದ ಸೇವೆಗಳು ಶುರುವಾಗುವುದು ಗುರುವಾರ ಬೆಳಗಿನ ಜಾವದಿಂದ. ಮರುವಾರದ ಬುಧವಾರ ಗದ್ದುಗೆ ಇಳಿದು ಹೊರಟಳೆಂದರೆ ಜಾತ್ರೆ ಮುಗಿದಂತೆ. ಅಂದೇ ಶಾಸ್ತ್ರದಂತೆ ಮಾತಂಗಿ ಚಪ್ಪರ ಎಂಬ ಹಂದರಕ್ಕೆ ಬೆಂಕಿ ಕೊಡುತ್ತಾರೆ. ಆಮೇಲೆ ಯುಗಾದಿಯಂದೇ ದೇವಸ್ಥಾನದಲ್ಲಿ ಮರುಪ್ರತಿಷ್ಠೆ. ಜಾತ್ರೆಗೂ ಯುಗಾದಿಗೂ ನಡುವೆ ಹೋದವರು ದೇವಿಯನ್ನು ಕಾಣದೆ ವಾಪಸ್ಸು ಬರಬೇಕಾಗುತ್ತದೆ.

'ಜಾತ್ರೆಯಲ್ಲಿ ಒಪ್ಪಿಸುತ್ತೇನೆ' ಎಂದೇ ಬೇಡಿಕೊಂಡಿದ್ದರೆ ಗದ್ದುಗೆಗೇ ಹೋಗಿ. ಬರೀ ಉಡಿ ಎಂದಿದ್ದರೆ ಮಂಡಿನೋವಿನವರಿಗೆ ಯುಗಾದಿ ಕಳೆದ ಮೇಲಿನ ಯಾವುದಾದರೂ ಸಾದಾ ದಿನವೇ ಒಳ್ಳೆಯದು. ಮಂಗಳವಾರ, ಶುಕ್ರವಾರ ಬಿಡಿ, ಆ ಎರಡು ದಿನ ಜನ ಜಾಸ್ತಿ. ನವರಾತ್ರಿಯಲ್ಲೂ ಹಾಗೇ.

ಕೋಣನ ಬಲಿ ಇಲ್ಲ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಹೊತ್ತಿಗೇ ಅದು ನಿಂತಿತು. ಈಗ ನಡೆಯುವುದು ಸಾತ್ವಿಕ ಬಲಿ, ಅಂದರೆ ಪ್ರಾಣಿ ಕೊಲ್ಲದ ಬಲಿ. ಅಮ್ಮನಿಗೆ ಧೈರ್ಯವಾಗಿ ಹೇಳಿ.

ಘಟ್ಟದ ಮೇಲಿನವಳು:
ಉಡಿ ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ. ಮನೆಮನೆಯ ಪದ್ಧತಿ ತುಸು ಬೇರೆ ಇರುತ್ತದೆ, ಆದರೆ ಇಷ್ಟಿದ್ದರೆ ಕೊರತೆಯಿಲ್ಲ: ಒಂದು ರವಿಕೆ ಕಣ, ಒಂದು ಕಾಯಿ, ಐದು ಹಿಡಿ ಅಕ್ಕಿ, ಐದು ವೀಳ್ಯದೆಲೆ, ಐದು ಅಡಿಕೆ, ಐದು ಅರಿಶಿನ ಕೊಂಬು, ಬಾಳೆಹಣ್ಣು, ಹಸಿರು ಬಳೆ, ಅರಿಶಿನ-ಕುಂಕುಮ, ಹೂವು, ದಕ್ಷಿಣೆ. ಸೀರೆ ಕೊಡುವುದಿದ್ದರೆ ಕಣದ ಜೊತೆಗೇ ಇಡಿ.

ಕಾಯಿಗೆ ಜುಟ್ಟು ಇರಲೇಬೇಕು. ಪೂರ್ತಿ ಬೋಳಿಸಿದ ಕಾಯಿ ಉಡಿಗೆ ಆಗುವುದಿಲ್ಲ. ಕಿವಿ ಹತ್ತಿರ ಹಿಡಿದು ಅಲುಗಿಸಿ ನೋಡಿ, ನೀರು ಕುಲುಕಬೇಕು. ಕಣ್ಣಿನ ಹತ್ತಿರ ಒದ್ದೆ ಕಂಡರೆ ಒಳಗೆ ಸೀಳಿರುತ್ತದೆ, ಬೇರೆಯದು ತಗೊಳ್ಳಿ. ಅಕ್ಕಿ ನುಚ್ಚಾಗಿರಬಾರದು, ಇಡೀ ಕಾಳು ಬೇಕು. ಸೀರೆಯ ಬೆಲೆ ಚೀಟಿ, ಗುಂಡುಪಿನ್ನು, ಒಳಗಿನ ರಟ್ಟು ಎಲ್ಲ ಮನೆಯಲ್ಲೇ ತೆಗೆದುಬಿಡಿ. ಸಾಲಿನಲ್ಲಿ ನಿಂತು ತೆಗೆಯಲು ಹೋದರೆ ಅರ್ಧ ಒಳಗೇ ಉಳಿಯುತ್ತದೆ, ಅರ್ಚಕರ ಬೆರಳಿಗೆ ಚುಚ್ಚುತ್ತದೆ.

ಕಾರವಾರದಿಂದ ಬಸ್ಸಿನಲ್ಲಿ ಬರುವವರಾದರೆ ಹಣ್ಣು, ಎಲೆ, ಹೂವನ್ನು ಶಿರಸಿಯಲ್ಲೇ ಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕೈದು ತಾಸು ಇದ್ದರೆ ಕರಾವಳಿಯ ಸೆಕೆಗೆ ಎಲೆ ಬೆವೆತು ಕಪ್ಪಾಗುತ್ತದೆ, ಹಣ್ಣಿನ ತೊಟ್ಟು ಕಳಚುತ್ತದೆ. ಕಣ, ಅಕ್ಕಿ, ಅಡಿಕೆ, ಬಳೆ ಮನೆಯಿಂದ ತಂದರಾಯಿತು. ಬಳೆಯನ್ನು ಕಣದ ಮಡಿಕೆಯೊಳಗೆ ಸುತ್ತಿದರೆ ಒಡೆಯುವುದಿಲ್ಲ. ಎಲ್ಲವನ್ನೂ ಬಿದಿರಿನ ಬುಟ್ಟಿಯಲ್ಲೋ ಹರಿವಾಣದಲ್ಲೋ ಜೋಡಿಸಿಕೊಂಡೇ ಸಾಲಿಗೆ ನಿಲ್ಲಿ. ಸೇವೆಯ ಚೀಟಿ ಮಾಡಿಸುವಾಗ ಹೆಸರು, ಗೋತ್ರ, ನಕ್ಷತ್ರ ಕೇಳಿದರೆ ತಡವರಿಸದಂತೆ ಬರೆದಿಟ್ಟುಕೊಳ್ಳಿ.

ಉಡಿಯಿಂದ ಪ್ರಸಾದವೆಂದು ತಿರುಗಿ ಕೊಟ್ಟ ಅಕ್ಕಿಯನ್ನು ಡಬ್ಬಿಯಲ್ಲಿಟ್ಟು ಮರೆಯಬೇಡಿ, ಹುಳ ಬೀಳುತ್ತದೆ. ಮನೆ ಅಕ್ಕಿಗೆ ಬೆರೆಸಿ ಅನ್ನ ಮಾಡಿ ಎಲ್ಲರೂ ಉಣ್ಣಿ. ಕಾಯಿಯಿಂದ ಪಾಯಸ ಮಾಡಿದರೆ ಇನ್ನೂ ಚೆಂದ.

ದೇವಿಮನೆ ತಿರುವು:
ದಾರಿಯ ವಿಷಯ. ಅಂಕೋಲಾ, ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತುವುದು ರೂಢಿಯ ದಾರಿ, ಕುಮಟಾದಿಂದ ಶಿರಸಿ 60 ಕಿ.ಮೀ. ಆಸುಪಾಸು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಈ ದಾರಿ ಬಂದ್ ಆಗುವುದುಂಟು. ಆಗ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬನ್ನಿ. ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ.

ದರ್ಶನ ಆದ ಮೇಲೆ ಗಡಿಬಿಡಿ ಮಾಡದೆ ಗೋಡೆಯ ಕಾವಿ ಚಿತ್ರ ನೋಡಿ ಬನ್ನಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಕೊಟ್ಟು, ಹಸಿ ಆರುವ ಮೊದಲೇ ಮೊನೆಯಿಂದ ಕೆರೆದು ಕೆಳಗಿನ ಬಿಳುಪು ತೋರಿಸುವ ಕೆಲಸ ಅದು. ಹತ್ತಿರದಿಂದ ನೋಡಿದರೆ ಗೆರೆ ತಗ್ಗಾಗಿರುವುದು ಕಾಣುತ್ತದೆ. ಕೈಗೆ ಅಂಟಿದ ಕುಂಕುಮವನ್ನು ಅಲ್ಲಿ ಒರೆಸುವವರನ್ನು ಕಂಡರೆ ಸಂಕಟವಾಗುತ್ತದೆ. ಎಣ್ಣೆ, ಕುಂಕುಮ ಆ ಸುಣ್ಣದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ದಯವಿಟ್ಟು ಕರವಸ್ತ್ರ ಇಟ್ಟುಕೊಳ್ಳಿ.

ಕಡಲಹಕ್ಕಿ (ಕಾರವಾರ):
ಎಲ್ಲರಿಗೂ ಉಪಕಾರವಾಯಿತು. ಯುಗಾದಿ ಕಳೆದ ಮೇಲೆಯೇ ಹೋಗುತ್ತೇವೆ. ಅಕ್ಕ, ಇನ್ನೊಂದು ಪ್ರಶ್ನೆ: ಬೇವಿನ ಉಡುಗೆಯ ಹರಕೆಯೂ ಇದೆಯಂತೆ, ತಂಗಿಯ ಮಗುವಿನದು.

ಘಟ್ಟದ ಮೇಲಿನವಳು:
ಅದು ಜಾತ್ರೆಯ ಹರಕೆ ತಂಗಿ, ಉಡಿಯ ಜೊತೆ ಸೇರಿಸಬೇಡಿ. ಜಾತ್ರೆಗೆ ಬಂದಾಗ ಮಗುವಿಗೆ ಮೆತ್ತನೆಯ ಹತ್ತಿ ಅಂಗಿ ಹಾಕಿ, ಅದರ ಮೇಲೆ ಬೇವಿನ ಸೊಪ್ಪು ಕಟ್ಟಿ. ಬರೀ ಮೈಗೆ ಬೇಡ, ಎಲೆಯಂಚು ಗೀರುತ್ತದೆ. ಚಿಗುರು ಸೊಪ್ಪು ಬಿಸಿಲಿಗೆ ಬೇಗ ಬಾಡುತ್ತದೆ, ಸ್ವಲ್ಪ ಬಲಿತದ್ದು ತನ್ನಿ. ಬೆಳಿಗ್ಗೆ ಬೇಗ ಮುಗಿಸಿಬಿಡಿ, ಹತ್ತು ಗಂಟೆಯ ಮೇಲೆ ಗದ್ದುಗೆಯ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುವುದು ಕಷ್ಟ.