ಆಗಸ್ಟಲ್ಲಿ ಬಿಸಿಲೇ ಇರಲ್ಲ, ಆದ್ರೂ ಬಂಗು ಯಾಕೆ ಜಾಸ್ತಿ ಆಗ್ತಿದೆ?

ಹಿಪ್ಪುನೇರಳೆ:
ಎಲ್ರಿಗೂ ನಮಸ್ಕಾರ. ನಾನು ರಾಮನಗರದ ಕಡೆಯವಳು, ಮನೆಮನೆ ಸುತ್ತಿ ಸರ್ವೆ ಮಾಡೋ ಕೆಲಸ, ದಿನಕ್ಕೆ ನಾಲ್ಕೈದು ಗಂಟೆ ಹೊರಗಡೆನೇ. ಎರಡನೇ ಮಗು ಆದ್ಮೇಲೆ ಕೆನ್ನೆ ಮೇಲೆ ಬಂಗು ಬಂತು. ಬೇಸಿಗೇಲಿ ಛತ್ರಿ, ಸ್ಕಾರ್ಫು, ಸನ್‌ಸ್ಕ್ರೀನ್ ಎಲ್ಲಾ ಮಾಡಿ ಮೇ ಹೊತ್ತಿಗೆ ಸ್ವಲ್ಪ ತಿಳಿಯಾಗಿತ್ತು. ಮಳೆ ಹಿಡಿದ ಮೇಲೆ ಇನ್ಯಾಕೆ ಅಂತ ಬಿಟ್ಟುಬಿಟ್ಟೆ, ಸೆಕೆನೂ ಇಲ್ಲ, ಮೋಡ ಬೇರೆ, ಈಗ ಆಗಸ್ಟ್ ಕೊನೇಲಿ ಕನ್ನಡಿ ನೋಡಿದ್ರೆ ಮೊದಲಿಗಿಂತ ಕಪ್ಪಾಗಿದೆ. ನಮ್ಮತ್ತೆ ಪಕ್ಕದ ಬೀದಿ ಮೊಬೈಲ್ ಟವರ್ ರೇಡಿಯೇಷನ್ನೇ ಕಾರಣ ಅಂತಾರೆ. ಅಮ್ಮಂಗೆ ಹಿಪ್ಪುನೇರಳೆ ತೋಟದಲ್ಲಿ ದುಡಿದೂ ದುಡಿದೂ ಐವತ್ತಕ್ಕೇ ಕಣ್ಣಿಗೆ ಪೊರೆ ಬಂತು, ಅದಕ್ಕೇ ನಂಗೆ ಭಯ. ಮಳೆಗಾಲದಲ್ಲೂ ಇದೆಲ್ಲ ಬೇಕಾ?

ಅಂಗಳದ ಕೋಲು:
ನೋಡ್ರಿ ತಂಗಿ, ನಾ ಹುಬ್ಬಳ್ಳಿ ಕಡೆ ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೀನಿ. ಮೊದ್ಲು ಟವರ್ ವಿಷಯ ಬಿಡ್ರಿ, ಅದು ರೇಡಿಯೋ ತರಂಗ, ಅದರ ಶಕ್ತಿ ಕಣ್ಣಿಗೆ ಕಾಣೋ ಬೆಳಕಿಗಿಂತ ಭಾಳ ಕಮ್ಮಿ, ಅದರಿಂದ ಚರ್ಮ ಕಪ್ಪಾಗಂಗಿಲ್ಲ. ನಿಮಗ ಕಾಟ ಕೊಡಾಕತ್ತಿದ್ದು ಸೂರ್ಯನ ಯುವಿ, ಅಂದ್ರ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಸೆಕಿ ಬ್ಯಾರೆ, ಯುವಿ ಬ್ಯಾರೆ. ಸೆಕಿ ಮೈಗೆ ಗೊತ್ತಾಗ್ತದ, ಯುವಿ ಗೊತ್ತಾಗಂಗಿಲ್ಲ, ಅಲ್ಲೇ ಎಲ್ಲಾರೂ ಮೋಸ ಹೋಗೂದು. ಸೂರ್ಯ ಎತ್ತರಕ್ಕಿದ್ದಷ್ಟೂ ಕಿರಣ ಯುವಿ ತಡಿಯೋ ಓಝೋನ್‌ನಾಗ ಹಾಯೋ ದಾರಿ ಕಮ್ಮಿ, ಅದಕ್ಕ ಯುವಿ ಜಾಸ್ತಿ ಇಳೀತದ. ನಮ್ಮ ರಾಜ್ಯ ಕರ್ಕಾಟಕ ವೃತ್ತದ ದಕ್ಷಿಣಕ್ಕ ಐತಿ, ಹಿಂಗಾಗಿ ಸೂರ್ಯ ವರ್ಷಕ್ಕ ಎರಡು ಸಲ ಸರೀ ನೆತ್ತಿ ಮ್ಯಾಲೆ ಬರ್ತಾನ. ಬೆಂಗಳೂರು ಕಡೆ ಏಪ್ರಿಲ್ 24ರ ಸುಮಾರು ಒಮ್ಮೆ, ಆಗಸ್ಟ್ 18ರ ಸುಮಾರು ಇನ್ನೊಮ್ಮೆ. ನಮ್ಮಲ್ಲಿ ಮೇ 2, ಆಗಸ್ಟ್ 10ರ ಆಚೀಚೆ. ಏಪ್ರಿಲ್‌ದಾಗ ಎಲ್ಲಾರೂ ತಲಿ ಮುಚ್ಕೊಂತಾರ, ಆಗಸ್ಟ್‌ದಾಗ ಅದೇ ಸೂರ್ಯ ಅಷ್ಟೇ ಎತ್ತರಕ್ಕ ಇದ್ರೂ ತಂಪು ಐತಿ ಅಂತ ಬಿಡ್ತಾರ. ನಡುವ ಜೂನ್ 21ಕ್ಕಂತೂ ಅಂವ ನಮ್ಮನ್ನ ದಾಟಿ ಉತ್ತರಕ್ಕ ಹೋಗಿರ್ತಾನ, ಮೋಡ ಹರಿದ ಐದು ನಿಮಿಷದಾಗ ಕೋಲು ನಿಲ್ಲಿಸಿ ಮಧ್ಯಾಹ್ನದ ನೆರಳು ದಕ್ಷಿಣಕ್ಕ ಬಿದ್ದದ್ದು ತೋರಿಸಿದ್ರ ನಮ್ಮ ಹುಡುಗ್ರು ದಿಕ್ಕೇ ತಪ್ಪೇತಿ ಅಂತ ವಾದ ಮಾಡಿದ್ರು.
ಮೀಟರ್ ಏನೂ ಬ್ಯಾಡ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರ ಜ್ವಾಕಿ ಇರ್ರಿ. ಡಿಸೆಂಬರ್ 21ಕ್ಕ ಸೂರ್ಯ ಎಲ್ಲಾಕಿಂತ ಕೆಳಗ ಇರ್ತಾನಲ್ಲ, ಅವತ್ತೂ ನಿಮ್ಮೂರಾಗ ನಡು ಮಧ್ಯಾಹ್ನ ಐದಡಿ ಮನುಷ್ಯಾನ ನೆರಳು ನಾಲ್ಕಡಿ ದಾಟಂಗಿಲ್ಲ!

ಮೆಲ್ಬರ್ನ್ ಕನ್ನಡತಿ:
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಹವಾಮಾನದ ಜೊತೆ ಯುವಿ ಇಂಡೆಕ್ಸ್, ಅಂದ್ರೆ ಯುವಿ ಎಷ್ಟು ಜೋರಿದೆ ಅಂತ ಹೇಳೋ ಅಂಕಿ, ನೋಡೋದು ಎಲ್ರಿಗೂ ಅಭ್ಯಾಸ, 3 ದಾಟಿದ್ರೆ ಟೋಪಿ ಸನ್‌ಸ್ಕ್ರೀನ್, 8 ದಾಟಿದ್ರೆ ತುಂಬಾ ಜಾಸ್ತಿ, 11 ಆದ್ರೆ ವಿಪರೀತ. ಟೋಪಿ ಇಲ್ದಿದ್ರೆ ಸ್ಕೂಲಲ್ಲಿ ಮಕ್ಕಳನ್ನ ಬಿಸಿಲಿಗೆ ಆಡೋಕೆ ಬಿಡಲ್ಲ. ಆದ್ರೆ ಜೂನ್, ಜುಲೈ ಇಲ್ಲಿ ಚಳಿಗಾಲ, ಆಗ ನಮಗೆ 3ರ ಒಳಗೇ ಇರೋದ್ರಿಂದ ರಜೆ ಸಿಕ್ಕಂಗೆ, ನಮ್ಮೂರಿಗೆ ಆ ರಜೆನೇ ಇಲ್ಲ. ಹೋದ ಡಿಸೆಂಬರಲ್ಲಿ ಮೈಸೂರಿಗೆ ಬಂದಾಗ ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಕೂತಿದ್ವಿ, ಮಧ್ಯಾಹ್ನ ಫೋನಲ್ಲಿ ನೋಡಿದ್ರೆ 8. ಇನ್ನೊಂದು, ಭೂಮಿ ಸೂರ್ಯಂಗೆ ಹತ್ರ ಬರೋದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಮೀ, ಜುಲೈನಲ್ಲಿ 15.2 ಕೋಟಿ. ಅದ್ರಿಂದ ಭೂಮಿಗೆ ಬರೋ ಬಿಸಿಲು ಜುಲೈಗಿಂತ ಜನವರಿಯಲ್ಲಿ ಶೇಕಡ 7ರಷ್ಟು ಜಾಸ್ತಿ.

ಸ್ಕಿನ್ ಕ್ಲಿನಿಕ್ ಸಿಸ್ಟರ್:
ನಾನು ಚರ್ಮದ ಡಾಕ್ಟರ್ ಹತ್ರ ನರ್ಸು. ಬಂಗಿಗೆ ಹಾರ್ಮೋನೂ ಕಾರಣ, ಬೆಳಕೂ ಕಾರಣ, ಬಸುರಿ ಬಾಣಂತಿ ಆದ್ಮೇಲೆ ಬರೋದು ತುಂಬಾ ನೋಡ್ತೀವಿ. ತೆಳು ಮೋಡ ಯುವೀನ ಅಷ್ಟಾಗಿ ತಡೆಯಲ್ಲ. ಬಂಗು ಇರೋರಿಗೆ ಬಣ್ಣ ಇರೋ ಸನ್‌ಸ್ಕ್ರೀನ್ ಒಳ್ಳೇದು, ಅದ್ರಲ್ಲಿರೋ ಐರನ್ ಆಕ್ಸೈಡ್ ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯುತ್ತೆ. ಹೊರಗಿದ್ರೆ ಎರಡೆರಡು ಗಂಟೆಗೆ ಮತ್ತೆ ಹಚ್ಚಿ. ಛತ್ರಿ ಇದ್ರೂ ಸ್ಕಾರ್ಫ್ ಬಿಡ್ಬೇಡಿ, ಯುವಿ ಆಕಾಶದ ಎಲ್ಲಾ ಕಡೆಯಿಂದ ಚದುರಿ ಬರುತ್ತೆ. ದಯವಿಟ್ಟು ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೆರಾಯ್ಡ್ ಇರೋ ಕ್ರೀಮ್ ತಗೋಬೇಡಿ, ಮುಖ ಕೆಂಪಾಗಿ ಉರಿ ಹತ್ತಿಸ್ಕೊಂಡು ಅಳ್ತಾ ಬರೋರನ್ನ ದಿನಾ ನೋಡ್ತೀನಿ, ಹೊಟ್ಟೆ ಉರಿಯುತ್ತೆ. ಅಮ್ಮಂಗೆ ಅಗಲ ಅಂಚಿನ ಟೋಪಿ, ಯುವಿ ತಡೆಯೋ 'ಯುವಿ400' ಕನ್ನಡಕ ಕೊಡಿಸಿ. ಕಣ್ಣಿನ ಪೊರೆಗೆ ವಯಸ್ಸು, ಶುಗರ್ ಎಲ್ಲಾ ಕಾರಣ ಇರುತ್ತೆ, ಆದ್ರೆ ವರ್ಷಗಟ್ಟಲೆ ಬಿದ್ದ ಯುವೀನೂ ಸೇರುತ್ತೆ.

ಹಿಪ್ಪುನೇರಳೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸರ್, ಇವತ್ತು ಹನ್ನೆರಡೂ ಇಪ್ಪತ್ತಕ್ಕೆ ಮೋಡ ಸರಿದಾಗ ಅಂಗಳದಲ್ಲಿ ನಿಂತು ನೋಡಿದೆ, ನೆರಳು ಪಾದದ ಹತ್ರನೇ ಮುದುಡ್ಕೊಂಡಿತ್ತು, ಅತ್ತೇನೂ ಕರೆದು ತೋರಿಸ್ದೆ. ಸಿಸ್ಟರ್, ಅಮ್ಮಂಗೆ ಒಂದು ಕಣ್ಣು ಆಪರೇಷನ್ ಆಗಿದೆ, ಇನ್ನೊಂದು ಆಗ್ಬೇಕು, ಕನ್ನಡಕ ಈಗ್ಲೇ ಕೊಡಿಸ್ಲಾ ಅಥವಾ ಅದೂ ಆದ್ಮೇಲಾ?

ಸ್ಕಿನ್ ಕ್ಲಿನಿಕ್ ಸಿಸ್ಟರ್:
ಈಗ್ಲೇ ಕೊಡಿಸಿ. ಪವರ್ ಏನಾದ್ರೂ ಬೇಕಾ ಅಂತ ಮಾತ್ರ ಕಣ್ಣಿನ ಡಾಕ್ಟರನ್ನ ಒಂದ್ಸಲ ಕೇಳ್ಕೊಳಿ.