ಉಂಗುರದಂಥ ಕೆಂಪು ಕಲೆ: ಇಸುಬಾ, ಹುಳುಕಡ್ಡಿನಾ? ಅನುಭವ ಇದ್ದವರು ಹೇಳಿ

ಹಾಸನದ ಗೃಹಿಣಿ: ಯಜಮಾನರಿಗೆ ಸೊಂಟದಲ್ಲಿ, ಬೆಲ್ಟ್ ಕೂರುವ ಜಾಗದಲ್ಲಿ, ಉಂಗುರದ ಹಾಗೆ ಕೆಂಪಗೆ ಎದ್ದು ಮೂರು ವಾರ ಆಯಿತು. ವಿಪರೀತ ನವೆ. ಅತ್ತೆ ಇಸುಬು ಅನ್ನುತ್ತಾರೆ, ಪಕ್ಕದ ಮನೆಯವರು ಹುಳುಕಡ್ಡಿ ಅನ್ನುತ್ತಾರೆ. ಡಾಕ್ಟರ ಹತ್ತಿರ ಬರಲು ಇವರು ಒಪ್ಪುತ್ತಿಲ್ಲ. ಗುರುತಿಸುವುದು ಹೇಗೆ?

ಮಂಡ್ಯದ ಸವಾರ: ನನ್ನ ಒಂದೂವರೆ ವರ್ಷ ಹಾಳಾಗಿದ್ದೇ ಇದರಿಂದ. ತೊಡೆ ಸಂದಿಯಲ್ಲಿ ನಾಣ್ಯದಷ್ಟು ಶುರುವಾಯಿತು. ಮೆಡಿಕಲ್ ಶಾಪಿನವನು ನೋಡದೆಯೇ 95 ರೂಪಾಯಿಯ ಟ್ಯೂಬ್ ಕೊಟ್ಟ. ಎರಡೇ ದಿನಕ್ಕೆ ನವೆ ಮಾಯ. ಬಿಟ್ಟ ನಾಲ್ಕನೇ ದಿನ ಮತ್ತೆ ಬಂತು, ಅಂಗೈ ಅಗಲ. ಹೀಗೆ 11 ಟ್ಯೂಬ್. ಕೊನೆಗೆ ಉಂಗುರದ ಅಂಚೇ ಅಳಿಸಿಹೋಗಿ, ಚರ್ಮದ ಡಾಕ್ಟರಿಗೂ ನೋಡಿದ ತಕ್ಷಣ ಗೊತ್ತಾಗಲಿಲ್ಲ, ಬ್ಲೇಡಿನಲ್ಲಿ ಹೊಟ್ಟು ಕೆರೆದು, ಕೆಒಎಚ್ ಅನ್ನುವ ದ್ರಾವಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಫಂಗಸ್, ಅಂದರೆ ಹುಳುಕಡ್ಡಿ ಅಂದರು. ಟ್ಯೂಬಿನಲ್ಲಿದ್ದದ್ದು ಕ್ಲೋಬೆಟಸಾಲ್ ಅನ್ನುವ ಸ್ಟಿರಾಯ್ಡ್, ನವೆ ಅಡಗಿಸುತ್ತದೆ, ಫಂಗಸ್ ಸಾಯುವುದಿಲ್ಲ. ಫಂಗಸ್‌ಗೆ ಇಟ್ರಕೊನಜೋಲ್ ಹತ್ತು ವಾರ, ಮಾತ್ರೆಗೇ 3,100. ಅದನ್ನು ಗ್ಯಾಸ್ಟ್ರಿಕ್ ಮಾತ್ರೆ ಜೊತೆ ನುಂಗುತ್ತಿದ್ದೆ. ಹಾಗೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಆರನೇ ವಾರ ತಿಳಿಯಿತು! ಆ ಸ್ಟಿರಾಯ್ಡ್‌ನಿಂದ ತೊಡೆಯಲ್ಲಿ ಬಸುರಿ ಹೊಟ್ಟೆಯ ಹಾಗೆ ಗೀರು ಬಿದ್ದಿವೆ. ಅವು ಹೋಗುವುದಿಲ್ಲವಂತೆ.

ಶಿರಸಿ ತೋಟದವ: ಇಷ್ಟು ರಾಮಾಯಣ ಯಾಕೆ? ತಗಚೆ ಬೀಜ ಮಜ್ಜಿಗೆಯಲ್ಲಿ ನೆನೆಸಿ ಅರೆದು ಹಚ್ಚಿ. ನನಗೆ 15 ದಿನಕ್ಕೆ ಹೋಯಿತು. ಖರ್ಚು ಸೊನ್ನೆ.

ಎರಡು ಮಕ್ಕಳ ತಾಯಿ: ಸೊನ್ನೆಯಂತೆ. ನಮ್ಮ ಮನೆಯಲ್ಲೂ ಹೀಗೇ ಬೇವು, ಅರಿಶಿನ ಅಂತ ಎರಡು ತಿಂಗಳು ಕಳೆದೆವು. ಮಗಳಿಗೆ ರಾತ್ರಿಯಾದರೆ ನವೆ, ಬೆರಳ ಸಂದಿಯಲ್ಲಿ ಗುಳ್ಳೆ. ಅದು ಕಜ್ಜಿ. ಪರ್ಮೆಥ್ರಿನ್ ಮುಲಾಮು ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು, ಮನೆಯವರೆಲ್ಲ ಒಂದೇ ದಿನ. ಆರು ಜನಕ್ಕೆ ಟ್ಯೂಬ್, ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿಗೆ. ಮೈದುನ ಮಾತ್ರ 'ನನಗೇನೂ ಇಲ್ಲ' ಅಂತ ಹಚ್ಚಿಕೊಳ್ಳಲಿಲ್ಲ. ತಿಂಗಳಿಗೆ ಎಲ್ಲರಿಗೂ ವಾಪಸ್. ಆ ಮನುಷ್ಯ ಇವತ್ತಿಗೂ ತಪ್ಪು ಒಪ್ಪಿಲ್ಲ.

ಔಷಧಿ ಅಂಗಡಿಯವ: ಎಲ್ಲದಕ್ಕೂ ಅಂಗಡಿಯವನೇ ಸಿಕ್ಕುವುದಾ? 500 ರೂಪಾಯಿ ಫೀಸು ಉಳಿಸೋಣ ಅಂತ ನೀವೇ ಬರುತ್ತೀರಿ. ಡಾಕ್ಟರ ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ.

ಮಂಡ್ಯದ ಸವಾರ: ಸ್ವಾಮಿ, ಸ್ಟಿರಾಯ್ಡ್ ಮುಲಾಮು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಆಗಿದೆ. 11 ಸಲ ಕೊಟ್ಟವರು ಯಾರು?

ಔಷಧಿ ಅಂಗಡಿಯವ: 11 ಸಲ ಕೇಳಿದವರು ಯಾರು?

ನಿವೃತ್ತ ಮೇಷ್ಟ್ರು: ಜಗಳ ಆಮೇಲೆ ಆಡಿ. ನನ್ನ ಮೊಣಕೈ ಹತ್ತಿರ ತಿಳಿ ಬಣ್ಣದ ಕಲೆ ಇತ್ತು. ನವೆ ಇರಲಿಲ್ಲ. ಚಿಬ್ಬು ಅಂತ ಎರಡು ವರ್ಷ ಸುಮ್ನಿದ್ದೆ. ಒಂದು ದಿನ ಬಿಸಿ ಪಾತ್ರೆ ತಾಗಿ ಬೊಬ್ಬೆ ಎದ್ದಿತ್ತು, ನನಗೆ ಉರಿಯೇ ಇಲ್ಲ. ಕುಷ್ಠ. ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳು ಮಾತ್ರೆ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮೊದಲ ದಿನ ಮೂತ್ರ ಕೆಂಪಗೆ ಬಂದು ಗಾಬರಿಯಾಗಿದ್ದೆ, ಅದು ಮಾತ್ರೆಯ ಬಣ್ಣ. ವಾಸಿಯಾಯಿತು. ತಮ್ಮನಿಗೆ ಇನ್ನೂ ಹೇಳಿಲ್ಲ.

ಶಿರಸಿ ತೋಟದವ: ಅವರು ನವೆ ಇದೆ ಅಂತ ಬರೆದಿದ್ದಾರೆ ಮೇಷ್ಟ್ರೇ. ಸುಮ್ನೆ ಹೆದರಿಸಬೇಡಿ.

ನಿವೃತ್ತ ಮೇಷ್ಟ್ರು: ನಾನು ನನ್ನದು ಹೇಳಿದೆ. ಕಲೆಯ ಮೇಲೆ ಹತ್ತಿ ಆಡಿಸಿ, ತಾಗಿದ್ದು ಗೊತ್ತಾಗುತ್ತದಾ ಅಂತ ನೋಡುವುದಕ್ಕೆ ದುಡ್ಡು ಬೇಕಾ?

ಹಾಸನದ ಗೃಹಿಣಿ: ಎಲ್ಲರಿಗೂ ಥ್ಯಾಂಕ್ಸ್. ಈಗ ಕೇಳಿದರೆ, ಇವರು ಹೋದ ವಾರವೇ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚುತ್ತಿದ್ದಾರಂತೆ. ಕಡಿಮೆ ಆಗಿದೆ ಅನ್ನುತ್ತಾರೆ.

ಮಂಡ್ಯದ ಸವಾರ: ಟ್ಯೂಬಿನ ಹಿಂದೆ ಏನು ಬರೆದಿದೆ ಓದಿ ಅಕ್ಕಾ, ಈಗಲೇ.

ಶಿರಸಿ ತೋಟದವ: ತಗಚೆ ಹಚ್ಚಿದ್ದರೆ ಓದುವ ಕೆಲಸವೇ ಇರುತ್ತಿರಲಿಲ್ಲ.